ಹೈಯರ್ ಅಯ್ಯನವರ ಚರಿತ್ರೆ

ಭಾನುವಾರದ ಆರಾಧನೆಯಲ್ಲಿ ಕಾಣಿಕೆಯ ತಟ್ಟೆಯು ನಮ್ಮ ಮುಂದೆ ಬರುವಾಗ ಅದರಲ್ಲಿ ಒಂದು ಚಿಕ್ಕ ನಾಣ್ಯವನ್ನು ಹಾಕುತ್ತೇವೆ. ಅದು ಎಲ್ಲಿಗೆ ಹೋಗುತ್ತದೆ, ಯಾವ ಕೆಲಸವನ್ನು ನಡಿಸುತ್ತದೆ ಎಂಬದನ್ನು ಕುರಿತು ನಮ್ಮಲ್ಲಿ ಅನೇಕರು ಯೋಚಿಸುವದಿಲ್ಲ. ಬಡವನು ಕೊಡುವದರಿಂದ ಏನಾದೀತೆಂದು ನಾಚಿ ಕೈ ಹಿಂದಕ್ಕೆ ತಕ್ಕೊಳ್ಳುವವರೂ ಉಂಟು. ಇಂಥ ಕಾಣಿಕೆಗಳ ಬಲದಿಂದಲೇ ಸಮುದ್ರವನ್ನು ದಾಟಿ, ನಮ್ಮ ನೆರೆಯ ತೆಲುಗು ಸೀಮೆಗೆ ಮೂರು ಸಾರಿ ಬಂದ ಒಬ್ಬ ಸೇವಕರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ. ಅವರು ಕೊನೆಯ ಸಾರಿ ಹೊರಡುವಾಗ ಅವರಿಗೆ 76 ವರುಷ ತುಂಬಿತ್ತು.

ಯೋಹಾನ್ ಕ್ರಿಸ್ತಿಯಾನ್ ಫ್ರೆದೆರಿಕ್ ಹೈಯರ್ ಎಂಬ ಇವರು 1793ನೇ ಜುಲೈ 10ರಂದು ಜರ್ಮನಿ ದೇಶದ ಹೆಲ್ಮ್‌ಸ್ಟೆಡ್ಟ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ಆ ಕಾಲದಲ್ಲಿ ನೆಪೋಲಿಯನನ ಯುದ್ಧಗಳಿಂದ ಯೂರೋಪು ಖಂಡವೆಲ್ಲಾ ನಡುಗುತ್ತಿತ್ತು. ಹುಡುಗನು 1807ರಲ್ಲಿ ಸಭೆಯಲ್ಲಿ ದೃಢೀಕರಣವನ್ನು ಹೊಂದಿದ ತರುವಾಯ, ತಂದೆತಾಯಿಗಳು ಅವನನ್ನು ಅಮೇರಿಕದ ಫಿಲದೆಲ್ಫಿಯ ಪಟ್ಟಣದಲ್ಲಿ ಟೊಪ್ಪಿಗೆಗಳ ವ್ಯಾಪಾರ ಮಾಡುತ್ತಿದ್ದ ಸೋದರಮಾವನ ಬಳಿಗೆ ಕಳುಹಿಸಿದರು. ಆ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ, ಊರಿನ ಜರ್ಮನ್ ಲೂಥರನ್ ಸಭೆಗೆ ಸೇರಿದ ಹುಡುಗನ ಮನಸ್ಸು ಬೋಧಕನ ಕೆಲಸದ ಕಡೆಗೆ ತಿರುಗಿತು. ಅವರು ಅಲ್ಲಿಯ ಬೋಧಕರ ಬಳಿಯಲ್ಲಿ ವೇದಶಾಸ್ತ್ರವನ್ನು ಕಲಿತು, 1815ರಲ್ಲಿ ಜರ್ಮನಿಗೆ ಹೋಗಿ ಗ್ಯೋಟಿಂಗೆನ್ ವಿದ್ಯಾಪೀಠದಲ್ಲಿ ಓದಿ, ಮಾರನೇ ವರುಷ ಹಿಂತಿರುಗಿದರು. 1817ರಲ್ಲಿ ಸಾರುವದಕ್ಕೆ ಅಪ್ಪಣೆಯೂ 1820ರಲ್ಲಿ ಬೋಧಕನ ದೀಕ್ಷೆಯೂ ಅವರಿಗೆ ದೊರೆತವು.

ಆ ದಿವಸಗಳಲ್ಲಿ ಅಮೇರಿಕದ ಲೂಥರನ್ ಜನರ ಸ್ಥಿತಿಯು ಹೇಗಿತ್ತೆಂದು ತಿಳಿಯದೆ ಹೈಯರ್ ಅಯ್ಯನವರ ಕೆಲಸವು ನಮಗೆ ಅರ್ಥವಾಗಲಾರದು. ಜರ್ಮನಿಯಲ್ಲಿ ಬೋಧಕನ ಜೀವನಕ್ಕೆ ಅರಸನ ಸಹಾಯವಿತ್ತು; ಅಮೇರಿಕದಲ್ಲಿ ಅಂಥದ್ದೇನೂ ಇರಲಿಲ್ಲ. ಸಭೆಯು ತನ್ನ ಬೋಧಕನನ್ನು ತಾನೇ ಸಾಕಬೇಕಾಗಿತ್ತು. ಕಾಡು ಕಡಿದು ಹೊಲ ಮಾಡಿಕೊಂಡು, ಮರದ ದಿಮ್ಮಿಗಳ ಮನೆಗಳಲ್ಲಿ ವಾಸಿಸುತ್ತಿದ್ದ ಹೊಸ ಒಕ್ಕಲಿಗರ ಕೈಯಲ್ಲಿ ಹಣವೂ ಕಡಿಮೆ, ಅವರ ನಡುವೆ ಬೋಧಕರೂ ಕಡಿಮೆ. ಹೀಗಿರಲಾಗಿ ಒಬ್ಬನೇ ಬೋಧಕನು ಕುದುರೆಯ ಮೇಲೆ ಊರಿಂದೂರಿಗೆ ಹೋಗಿ ಚದರಿದ ಅನೇಕ ಸಭೆಗಳನ್ನು ನೋಡಿಕೊಳ್ಳಬೇಕಾಗುತ್ತಿತ್ತು. ಹೈಯರ್ ಅಯ್ಯನವರು ಇಂಥ ಸಂಚಾರದಲ್ಲೇ ಸುಮಾರು 20 ವರುಷ ಕಳೆದರು. ಪೆನ್ಸಿಲ್ವೇನಿಯ ಸೀಮೆಯ ಸಭೆಗಳನ್ನು ಕಾಯುವದಲ್ಲದೆ, ಭಾನುವಾರದ ಶಾಲೆಗಳನ್ನು ಸ್ಥಾಪಿಸುವದಕ್ಕಾಗಿ ಸಭೆಯಿಂದ ಸಭೆಗೆ ತಿರುಗಿದರು. ಪಶ್ಚಿಮದ ಕಡೆಗೆ ಮಿಸಿಸಿಪ್ಪಿ ನದಿಯ ಪ್ರಾಂತದ ವರೆಗೂ ಹೋಗಿ ಕುರುಬನಿಲ್ಲದ ಜನರನ್ನು ಹುಡುಕಿದರು. 1837ರಿಂದ ಪಿಟ್ಸ್‌ಬರ್ಗ್ ಪಟ್ಟಣದಲ್ಲಿ ಸಭೆಗಳನ್ನು ಕಟ್ಟಿದರು. ಆದಕಾರಣ ಆ ದೇಶದ ಬಡ ಸಭೆಗಳ ಮನಸ್ಸನ್ನೂ ಕೊರತೆಯನ್ನೂ ಅವರಷ್ಟು ತಿಳಿದವರು ಕೆಲವರೇ.

ಇಷ್ಟರಲ್ಲಿ ಹಿಂದೂ ದೇಶದಿಂದ ಒಂದು ಕೂಗು ಬಂತು. ತಿರುನೆಲ್ವೇಲಿಯಲ್ಲಿ ಬಹು ಕಾಲ ಸೇವೆಮಾಡಿದ ರೇನಿಯಸ್ ಎಂಬ ಜರ್ಮನ್ ಮಿಶನರಿಯು ಇಂಗ್ಲಿಷ್ ಸಂಘವನ್ನು ಬಿಟ್ಟ ಮೇಲೆ, ಅಮೇರಿಕದ ಲೂಥರನ್ ಜನರು ತನ್ನ ಸಹಾಯಕ್ಕೆ ಬರಬೇಕೆಂದು ಕೇಳಿಕೊಂಡರು. ಅದನ್ನು ಕೇಳಿದ ಜನರು 1837ರಲ್ಲಿ ಹೇಗರ್ಸ್‌ಟೌನ್ ಎಂಬಲ್ಲಿ ಕೂಡಿ ಅನ್ಯದೇಶದ ಸೇವೆಗಾಗಿ ಒಂದು ಸಂಘವನ್ನು ಮಾಡಿದರು. ರೇನಿಯಸ್ ಅಯ್ಯನವರು 1838ರಲ್ಲಿ ತೀರಿಹೋದರು. ಆದಾಗ್ಯೂ ಒಂದು ಸಾರಿ ಎದ್ದ ವಿಚಾರವು ಅಡಗಲಿಲ್ಲ. ಸಂಘದವರು ಹೈಯರ್ ಅಯ್ಯನವರನ್ನು ಆರಿಸಿ ಕರೆದರು. ಅವರ ಪತ್ನಿಯು 1839ರಲ್ಲಿ ಮರಣ ಹೊಂದಿದ್ದಳು. ವಯಸ್ಸು 50ಕ್ಕೆ ಸಮೀಪಿಸಿತ್ತು. ಆ ವಯಸ್ಸಿನಲ್ಲಿ ಬಹುಮಂದಿ ವಿಶ್ರಾಂತಿಯನ್ನು ನೆನಸುವರು. ಅವರಾದರೋ ಮಕ್ಕಳನ್ನು ಅಗಲಿ ಹೊರಡುವದಕ್ಕೆ ಒಪ್ಪಿಕೊಂಡರು.

ಇಲ್ಲಿ ಒಂದು ಕಷ್ಟವು ತೋರಿತು. ಲೂಥರನ್ ಸಂಘದ ಕೈಯಲ್ಲಿ ಹಣವೂ ಅನುಭವವೂ ಸಾಕಷ್ಟಿರಲಿಲ್ಲ. ಬೋಸ್ಟನ್ ಪಟ್ಟಣದ ಅಮೇರಿಕನ್ ಬೋರ್ಡ್ ಎಂಬ ದೊಡ್ಡ ಸಂಘವು ಆಗಲೇ ಅನೇಕ ಮಿಶನರಿಗಳನ್ನು ಹೊರಗೆ ಕಳುಹಿಸಿತ್ತು. ಹೈಯರ್ ಅಯ್ಯನವರು ಆ ಬೋರ್ಡಿನ ಕೈಕೆಳಗೆ ಹೋಗಲಿ ಎಂದು ಸಂಘದ ಹಿರಿಯರು ಏರ್ಪಾಡು ಮಾಡಿದರು. ಇದು ಸುಲಭವಾದ ದಾರಿ. ಇದರಲ್ಲಿ ಸಂಬಳದ ಚಿಂತೆಯೂ ಇರುತ್ತಿರಲಿಲ್ಲ. ಆದರೂ ಅಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ತನ್ನ ಸಭೆಯ ಜನರು ಬೇರೆಯವರ ಆಳಿಕೆಯ ಕೆಳಗಿರುವ ಕೆಲಸವನ್ನು ತಮ್ಮದೆಂದು ಎಣಿಸಲಾರರು. ತಮ್ಮದೆಂದು ಎಣಿಸದ ಕೆಲಸಕ್ಕೆ ಬಹುಕಾಲ ಕೊಡಲಾರರು. ಪ್ರಾರ್ಥನೆಯೂ ಕಾಣಿಕೆಯೂ ಒಂದೇ ಮನೆಯಿಂದ ಬರಬೇಕು ಎಂಬದು ಅವರ ಅಭಿಪ್ರಾಯವಾಗಿತ್ತು. ಹೀಗೆ ಅವರು ಬೋರ್ಡನ್ನು ಹಗೆಮಾಡದೆ ತನಗೆ ಬಂದ ಕರೆಯನ್ನೇ ಬಿಟ್ಟುಕೊಟ್ಟರು. ಬಿಟ್ಟದ್ದರಿಂದ ಹಿಂದೂ ದೇಶದ ಬಾಗಿಲು ಮುಚ್ಚಿದ ಹಾಗೆ ಕಂಡಿತು. ಆದರೆ 1841ರಲ್ಲಿ ಪೆನ್ಸಿಲ್ವೇನಿಯ ಸೀಮೆಯ ಲೂಥರನ್ ಸಭಾಮಂಡಲಿಯು, ಇವರು ನಮ್ಮ ಸೇವಕರಾಗಿ ಹೋಗಲಿ, ನಾವೇ ಇವರನ್ನು ಸಾಕುವೆವು ಎಂದು ಮುಂದೆ ಬಂತು. ಅಯ್ಯನವರು 20 ವರುಷ ಕುದುರೆಯ ಮೇಲೆ ತಿರುಗಿ ಬಾಗಿಲು ತಟ್ಟಿದ ಸಭೆಗಳ ನಾಡು ಅದೇ. ಆ ಜನರು ಅವರ ಮುಖವನ್ನು ನೋಡಿದ್ದರು, ಅವರ ಉಪದೇಶವನ್ನು ಕೇಳಿದ್ದರು. ಆದದರಿಂದ ಅವರಿಗಾಗಿ ಕೊಡುವದು ಜನರಿಗೆ ಭಾರವಾಗಿ ತೋರಲಿಲ್ಲ.

1841ನೇ ಅಕ್ಟೋಬರ್ ತಿಂಗಳಲ್ಲಿ ಅವರು ಬೋಸ್ಟನ್ನಿನಲ್ಲಿ ಹಡಗು ಹತ್ತಿದರು. ಆಗ ಸೂಯೆಜ್ ಕಾಲುವೆಯು ಇರಲಿಲ್ಲವಾದದರಿಂದ ಆಫ್ರಿಕ ಖಂಡವನ್ನೇ ಸುತ್ತಿ ಬರಬೇಕಾಗಿತ್ತು. ಮಾರನೇ ವರುಷ ಸಿಂಹಳಕ್ಕೆ ಮುಟ್ಟಿ, ತಮಿಳು ಸೀಮೆಯನ್ನೂ ಮದ್ರಾಸನ್ನೂ ಹಾದು, 1842ನೇ ಜುಲೈ 31ರಂದು ಗುಂಟೂರಿಗೆ ಬಂದರು. ಅಲ್ಲಿಯ ಕಲೆಕ್ಟರರಾದ ಸ್ಟೋಕ್ಸ್ ದೊರೆಗಳು ದೇವಭಕ್ತರು. ತಮ್ಮ ಜಿಲ್ಲೆಗೆ ಮಿಶನರಿಯು ಬರಬೇಕೆಂದು ಕಾದಿದ್ದವರು. ಗುಂಟೂರು ಸೀಮೆಯ ಮೇಲೆ 10 ವರುಷಗಳ ಹಿಂದೆ, 1832 ಮತ್ತು 1833ರಲ್ಲಿ, ಘೋರವಾದ ಕ್ಷಾಮ ಬಂದು ಲಕ್ಷಾಂತರ ಜನರು ಸತ್ತಿದ್ದರು. ಹಾಗೆ ನೊಂದ ಜನರ ನಡುವೆ ಅಯ್ಯನವರು ಮೊದಲು ಮಾಡಿದ ಕೆಲಸ ಶಾಲೆಗಳನ್ನು ತೆರೆಯುವದೇ. ಕೀಳೆಂದು ತಳ್ಳಲ್ಪಟ್ಟವರ ಮಕ್ಕಳಿಗೂ ಹುಡುಗಿಯರಿಗೂ ಅಕ್ಷರ ಕಲಿಸುವದಕ್ಕೆ ಆರಂಭಿಸಿದರು. ತೆಲುಗು ಮಾತು ಚೆನ್ನಾಗಿ ಬರುವ ತನಕ ದುಭಾಷಿಯ ಮೂಲಕ ಸಾರಿದರು.

1844ರಲ್ಲಿ ಗನ್ ಅಯ್ಯನವರು ತಮ್ಮ ಪತ್ನಿಯೊಂದಿಗೆ ಬಂದು ಕೂಡಿಕೊಂಡರು. ಸುಮಾರು ಒಂದೂವರೆ ವರುಷದ ಮೇಲೆ ಹೈಯರ್ ಅಯ್ಯನವರ ದೇಹವು ಸೋತು, ಅವರು ಅಮೇರಿಕಕ್ಕೆ ಹಿಂತಿರುಗಬೇಕಾಯಿತು. ಅಲ್ಲಿ ಅವರು ಸುಮ್ಮನೆ ಕೂತುಕೊಳ್ಳಲಿಲ್ಲ. ಗುಂಟೂರಿನ ಸಂಗತಿಗಳನ್ನು ಸಭೆಗಳಿಗೆ ತಿಳಿಸುತ್ತಾ, ಬಾಲ್ಟಿಮೋರ್ ಪಟ್ಟಣದಲ್ಲಿ ವೈದ್ಯಶಾಸ್ತ್ರವನ್ನು ಓದಿ, 1847ರಲ್ಲಿ, ತಮ್ಮ 54ನೇ ವಯಸ್ಸಿನಲ್ಲಿ, ವೈದ್ಯರ ಪದವಿಯನ್ನು ಪಡೆದರು. ಮೊಮ್ಮಕ್ಕಳ ವಯಸ್ಸಿನವರಿಗೆ ಹತ್ತಿರವಾದ ಹುಡುಗರ ಸಂಗಡ ಬೆಂಚಿನ ಮೇಲೆ ಕೂತು ಕಲಿಯುವದಕ್ಕೆ ಅವರು ನಾಚಲಿಲ್ಲ. ಔಷಧವಿಲ್ಲದೆ ಸಾಯುವವರನ್ನು ಗುಂಟೂರಿನಲ್ಲಿ ನೋಡಿ ಬಂದ ಕಣ್ಣುಗಳು ಅವರವು.

1848ರಲ್ಲಿ ಅವರು ಎರಡನೇ ಸಾರಿ ಗುಂಟೂರಿಗೆ ಬಂದರು. ಮಾರನೇ ವರುಷ ಪಲ್ನಾಡು ಸೀಮೆಯ ಗುರಜಾಲಕ್ಕೆ ಹೋಗಿ ನೆಲೆಯಾದರು. ಅದು ಕಲ್ಲಿನ ನೆಲ, ಕಠಿಣವಾದ ಬಿಸಿಲು, ಜ್ವರದ ಭಯವುಳ್ಳ ಒಳನಾಡು. ಅಲ್ಲಿಯ ಬಡವರು ಗುಂಪುಗುಂಪಾಗಿ ಸುವಾರ್ತೆಯನ್ನು ಕೇಳಿ ದೀಕ್ಷಾಸ್ನಾನ ಹೊಂದಿದರು. ಈ ನಡುವೆ 1851ರಲ್ಲಿ ಗನ್ ಅಯ್ಯನವರು ಗುಂಟೂರಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಗೋದಾವರಿ ತೀರದ ರಾಜಮಹೇಂದ್ರಿಯಲ್ಲಿ ಉತ್ತರ ಜರ್ಮನ್ ಮಿಶನ್ ಸಂಘದವರು ನಡಿಸುತ್ತಿದ್ದ ಕೆಲಸವು ಊರಿನಿಂದ ಬರುವ ಸಹಾಯವು ಸಾಲದೆ ನಿಲ್ಲುವಂತಾಗಲು, ಅದೂ ಅಮೇರಿಕದ ಲೂಥರನ್ ಸಂಘದ ಕೈಗೆ ಬಂತು. ವಾಚಕರೇ, ಕಳುಹಿಸಿದ ಸಭೆಯ ಕೈ ಬತ್ತಿದರೆ ಸಮುದ್ರದಾಚೆಯ ಶಾಲೆಯ ದೀಪವು ಆರುವದೆಂಬದಕ್ಕೆ ಇದೇ ದೃಷ್ಟಾಂತ.

1857ರಲ್ಲಿ ಅಯ್ಯನವರು ಮತ್ತೆ ಸ್ವದೇಶಕ್ಕೆ ಹೋದರು. ಅಲ್ಲಿ ಮಿನೆಸೋಟ ಎಂಬ ಚಳಿಯ ಸೀಮೆಗೆ ಹೋಗಿ ಹೊಸ ಒಕ್ಕಲಿಗರ ನಡುವೆ ಸಭೆಗಳನ್ನು ಕಟ್ಟಿ, 1860ರಲ್ಲಿ ಆ ಸೀಮೆಯ ಸಭಾಮಂಡಲಿಗೆ ಮೊದಲನೇ ಅಧ್ಯಕ್ಷರಾದರು. ಅವರ ಕೆಲಸವು ಮುಗಿಯಿತೆಂದೇ ಎಲ್ಲರೂ ನೆನಸಿದರು.

ಆದರೆ 1861ರಿಂದ 1865ರ ವರೆಗೆ ಅಮೇರಿಕದವರು ತಮ್ಮತಮ್ಮೊಳಗೆ ದೊಡ್ಡ ಯುದ್ಧ ಮಾಡಿದರು. ಅದು ತೀರಿದ ಕೂಡಲೆ ಲೂಥರನ್ ಸಭೆಯವರೂ ಉಪದೇಶದ ವಿಷಯವಾಗಿ ಜಗಳವಾಡಿ ಎರಡು ಪಂಗಡವಾದರು. ಮನೆಯೊಳಗೆ ಒಡಕು ಬಂದರೆ ಹೊಲದ ಕೆಲಸವು ಹಾಳಾಗುವದಲ್ಲವೇ? ತೆಲುಗು ಸೀಮೆಗೆ ಹಣವೂ ಆಳೂ ಬರುವದು ನಿಲ್ಲುತ್ತಾ ಬಂದು, ಕೆಲವು ಕಾಲ ಉನಾಂಗ್ಸ್ಟ್ ಅಯ್ಯನವರು ಒಬ್ಬರೇ ಉಳಿದು ಎಲ್ಲವನ್ನೂ ಹೊರಬೇಕಾಯಿತು. ಕಡೆಗೆ ರಾಜಮಹೇಂದ್ರಿಯ ಕೆಲಸವನ್ನು ಇಂಗ್ಲೆಂಡಿನ ಚರ್ಚ್ ಮಿಶನರಿ ಸಂಘಕ್ಕೆ ಒಪ್ಪಿಸಿಬಿಡುವದೆಂದು ಮಾತು ನಡಿಯಿತು.

ಆಗ ಜರ್ಮನಿಯಲ್ಲಿದ್ದ ಹೈಯರ್ ಅಯ್ಯನವರು ಈ ವರ್ತಮಾನವನ್ನು ಕೇಳಿ ಬಹಳವಾಗಿ ನೊಂದು ಅಮೇರಿಕಕ್ಕೆ ತಿರುಗಿ ಬಂದರು. 1869ರಲ್ಲಿ ಪೆನ್ಸಿಲ್ವೇನಿಯದ ಸಭಾಮಂಡಲಿಯು ರೀಡಿಂಗ್ ಎಂಬ ಪಟ್ಟಣದಲ್ಲಿ ಕೂಡಿತ್ತು. 28 ವರುಷಗಳ ಹಿಂದೆ ಅವರನ್ನು ಕಳುಹಿಸಿದ ಮಂಡಲಿಯೇ ಅದು. ತಲೆ ನರೆತ ಮುದುಕರು ಆ ಸಹೋದರರ ಮುಂದೆ ನಿಂತು, ಈ ಕೆಲಸವನ್ನು ಬೇರೆಯವರಿಗೆ ಬಿಡಬೇಡಿರೆಂದು ಬೇಡಿಕೊಂಡರು. ಹೋಗತಕ್ಕವರು ಯಾರೆಂಬ ಪ್ರಶ್ನೆಗೆ, ಯೌವನಸ್ಥರು ಸಿದ್ಧರಾಗುವ ತನಕ ತಾನೇ ಹೋಗುವೆನೆಂದು ಉತ್ತರ ಕೊಟ್ಟರು. ಆ ದಿವಸ ಅವರ ಪ್ರಯಾಣದ ಚೀಲವು ಕಟ್ಟಿ ಸಿದ್ಧವಾಗಿ ಕೈಯಲ್ಲೇ ಇತ್ತೆಂದು ಆ ಸಭೆಗಳಲ್ಲಿ ಹೇಳಿಕೊಳ್ಳುತ್ತಾ ಬಂದಿದ್ದಾರೆ. ಮುದುಕನು ಹೊರಟಿರುವಾಗ ತರುಣರು ಕೊಡುವದಿಲ್ಲ, ಹೋಗುವದಿಲ್ಲ ಎಂದು ಹೇಗೆ ಹೇಳಾರು? ಮಂಡಲಿಯು ಕೆಲಸವನ್ನು ತನ್ನ ಮೇಲೆ ತೆಗೆದುಕೊಂಡಿತು.

ಅದೇ ವರುಷದ ಆಗಸ್ಟ್ ಕಡೆಯಲ್ಲಿ ಅವರು ಹಡಗು ಹತ್ತಿ ಡಿಸೆಂಬರ್ ತಿಂಗಳ ಆರಂಭದಲ್ಲಿ ರಾಜಮಹೇಂದ್ರಿಗೆ ಬಂದರು. ಮಂಕಾಗಿದ್ದ ಶಾಲೆಗಳನ್ನು ಎಬ್ಬಿಸಿ, ಚದರಿದ ವಿಶ್ವಾಸಿಗಳನ್ನು ಕೂಡಿಸಿದರು. 1870ರಲ್ಲಿ ಅವರ ಸಹಾಯಕ್ಕೆ ಬಂದ ಬೆಕರ್ ಎಂಬ ತರುಣ ಮಿಶನರಿಯು ಸ್ವಲ್ಪ ಕಾಲದಲ್ಲೇ ತೀರಿಹೋದನು. ತರುಣನು ಹೋದನು, ವೃದ್ಧರು ಉಳಿದರು. ದೇವರ ಯೋಚನೆಯು ನಮಗೆ ತಿಳಿಯದು. ತರುವಾಯ ಅದೇ ವರುಷ ಶ್ಮಿತ್ ಅಯ್ಯನವರು ಬಂದು ಸೇರಲು, ಹೈಯರ್ ಅಯ್ಯನವರು ಕೆಲಸವನ್ನು ಅವರ ಕೈಗೆ ಒಪ್ಪಿಸಿ 1871ರಲ್ಲಿ ಹೊರಟರು. ಅವರು ತಮ್ಮ ಕಡೆಯ ದಿವಸಗಳನ್ನು ಫಿಲದೆಲ್ಫಿಯದ ವೇದಶಾಸ್ತ್ರ ಶಾಲೆಯಲ್ಲಿ, ಬೋಧಕರಾಗಲಿದ್ದ ತರುಣರ ನಡುವೆ ಕಳೆದು, 1873ನೇ ನವೆಂಬರ್ 7ರಂದು, ತಮ್ಮ 80ನೇ ವಯಸ್ಸಿನಲ್ಲಿ, ಸಮಾಧಾನದಿಂದ ತೀರಿಹೋದರು.

ಅವರು ಉಳಿಸಿದ ಕೆಲಸವು ಉಳಿಯಿತು. ಗುಂಟೂರು ಒಂದು ಪಂಗಡದವರ ಕೈಯಲ್ಲಿಯೂ ರಾಜಮಹೇಂದ್ರಿ ಇನ್ನೊಂದು ಪಂಗಡದವರ ಕೈಯಲ್ಲಿಯೂ ಬಹುಕಾಲ ನಡಿದು, 1918ರಲ್ಲಿ ಅಮೇರಿಕದ ಪಂಗಡಗಳು ಒಂದಾದ ಮೇಲೆ, 1927ರಲ್ಲಿ ಎರಡೂ ಕೂಡಿ ಆಂಧ್ರ ಇವಾಂಜೆಲಿಕಲ್ ಲೂಥರನ್ ಸಭೆ ಎಂಬದಾಗಿ ಏರ್ಪಟ್ಟವು. ಅದು ಈ ದಿವಸ ಹಿಂದೂ ದೇಶದ ದೊಡ್ಡ ಲೂಥರನ್ ಸಭೆಗಳಲ್ಲಿ ಒಂದಾಗಿದೆ.

ಇದು ತೆಲುಗರ ಸಂಗತಿ, ನಮಗೇನು ಎಂದು ಯಾರೂ ಹೇಳಬಾರದು. 1834ರಲ್ಲಿ ಮಂಗಳೂರಿಗೂ ಕನ್ನಡ ನಾಡಿಗೂ ಬಂದ ಬಾಸೆಲ್ ಮಿಶನಿನವರನ್ನೂ ಇಂಥ ಜನರೇ ಸಾಕಿದರು. 1855ರಲ್ಲಿ ಬಾಸೆಲಿನಲ್ಲಿ ಆರಂಭವಾದ ಅರ್ಧ ಬಾಟ್ಸೆನ್ ಕಾಣಿಕೆಯಲ್ಲಿ ಕೂಲಿಯವರೂ ದಾಸಿಯರೂ ವಾರಕ್ಕೆ ಒಂದು ಚಿಕ್ಕ ನಾಣ್ಯವನ್ನು ಕೊಡುತ್ತಿದ್ದರು. ನಮ್ಮ ಅಜ್ಜಂದಿರು ಓದಿದ ಶಾಲೆಗಳ ಗೋಡೆಯಲ್ಲಿ ಅಂಥವರ ನಾಣ್ಯವೂ ಸೇರಿದೆ.

ಹೈಯರ್ ಅಯ್ಯನವರು ದೊಡ್ಡ ಸಂಘದ ತುಂಬಿದ ಪೆಟ್ಟಿಗೆಯನ್ನು ಬಿಟ್ಟು ಬಡ ಸಭೆಗಳ ತಟ್ಟೆಯನ್ನು ನೆಚ್ಚಿದ್ದು ಯಾಕೆಂದು ಈಗ ನಮಗೆ ತಿಳಿಯುತ್ತದೆ. ಕೊಡುವವನು ತಾನು ಕಳುಹಿಸಿದವನನ್ನು ಮರೆಯನು. ಕಳುಹಿಸಲ್ಪಟ್ಟವನು ತನ್ನನ್ನು ಕಳುಹಿಸಿದವರ ಮುಂದೆ ಸುಳ್ಳಾಗಲಾರನು. 1869ರಲ್ಲಿ ಆ ಕಟ್ಟು ಇಲ್ಲದಿದ್ದರೆ ರೀಡಿಂಗಿನಲ್ಲಿ ಮುದುಕರೊಬ್ಬರ ಮಾತಿಗೆ ಯಾರು ಕಿವಿಗೊಡುತ್ತಿದ್ದರು? ಆದಕಾರಣ, ಪ್ರಿಯರೇ, ಸಭೆಯ ಕೆಲಸಕ್ಕಾಗಿ ಯಾರಾದರೂ ನಮ್ಮ ಊರಿಗೆ ಬಂದು ಬಾಗಿಲು ತಟ್ಟುವಾಗ, ಸಾಲ ವಸೂಲಿಗೆ ಬಂದವನನ್ನು ಕಂಡಂತೆ ಒಳಗೆ ಅಡಗಿಕೊಳ್ಳದಿರೋಣ. ಚಾಪೆ ಹಾಸಿ ಕೂಡ್ರಿಸಿ, ಅವನ ಸುದ್ದಿಯನ್ನು ಕೇಳಿ, ಅವನಿಗಾಗಿ ಪ್ರಾರ್ಥಿಸಿ, ಹಣವಿದ್ದರೆ ಹಣವನ್ನೂ ಇಲ್ಲದಿದ್ದರೆ ಮಡಕೆಯಿಂದ ತೆಗೆದಿಟ್ಟ ಹಿಡಿ ಅಕ್ಕಿಯನ್ನೂ ಕೊಡೋಣ. ಆ ಬಡ ವಿಧವೆಯ ಎರಡು ಕಾಸುಗಳನ್ನು ನೋಡಿದ ಕರ್ತನು ನಮ್ಮ ಹಿಡಿಯನ್ನೂ ನೋಡುತ್ತಾನೆ.