ಬೆಳೆಗಳ ಹೆಸರು ಕೇಳಿದ ವೈದ್ಯ

ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳಲ್ಲಿ ಮನೆಯ ಹಿಂದೆ ಹಿತ್ತಲು ಮಾಡಿಕೊಳ್ಳುವುದು ಹಿಂದಿನಿಂದ ಬಂದ ವಾಡಿಕೆ. ಬೇಲಿಗೆ ಅಲಸಂದೆ, ಚಪ್ಪರಕ್ಕೆ ಅವರೆ ಹಬ್ಬಿಸುತ್ತಾರೆ. ಗೇಣುದ್ದದ ಕಾಯಿ ಬಿಡುವ ಕತ್ತಿಯವರೆ, ನಾಲ್ಕು ಅಂಚುಗಳುಳ್ಳ ರೆಕ್ಕೆಯವರೆ ಮುಂತಾದ ಅಪರೂಪದ ಬಳ್ಳಿಗಳೂ ಮಲೆನಾಡಿನ ಹಿತ್ತಲುಗಳಿಗೆ ಹೊಸವಲ್ಲ. ದಿನವೂ ಕಣ್ಣಿಗೆ ಬೀಳುವುದರಿಂದ ಇವುಗಳ ಬೆಲೆ ನಮಗೆ ತಿಳಿಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದು ಇದಕ್ಕಾಗಿಯೇ. ಆದರೆ ಎರಡು ನೂರು ವರ್ಷಗಳ ಹಿಂದೆ ದೂರದ ನಾಡಿನ ವೈದ್ಯನೊಬ್ಬನು ನಮ್ಮ ರೈತರ ಹೊಲಗಳ ಬದಿಯಲ್ಲಿ ನಿಂತು ಪ್ರತಿಯೊಂದು ಕಾಳಿನ ಹೆಸರನ್ನೂ ಕೇಳಿ ಬರೆದುಕೊಂಡನು. ಅವನೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ನನು 1762ರ ಫೆಬ್ರವರಿ 15ರಂದು ಸ್ಕಾಟ್ಲೆಂಡಿನಲ್ಲಿ ಜನಿಸಿದನು. ತಂದೆ ವೈದ್ಯನಾಗಿದ್ದನು. ಮಗನೂ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ 1783ರಲ್ಲಿ ವೈದ್ಯಪದವಿಯನ್ನು ಪಡೆದನು. ಅಲ್ಲಿ ಜಾನ್ ಹೋಪ್ ಎಂಬ ಗುರುವಿನಿಂದ ಸಸ್ಯಶಾಸ್ತ್ರದ ರುಚಿ ಹತ್ತಿತು. ಕೆಲವು ಕಾಲ ಹಡಗಿನ ವೈದ್ಯನಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯಕೀಯ ಸೇವೆಗೆ ಸೇರಿದನು. ಮರುವರ್ಷ ಕಂಪನಿಯ ರಾಯಭಾರಿಯೊಡನೆ ಬರ್ಮಾ ದೇಶಕ್ಕೆ ಹೋಗಿ ಅಲ್ಲಿಯ ಸಸ್ಯಗಳನ್ನು ಸಂಗ್ರಹಿಸಿದನು.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಮಡಿದನು. ಆಗ ಧೋಂಡಿಯ ವಾಘನೆಂಬ ಸಾಹಸಿಯು ಶಿಕಾರಿಪುರವೂ ಸೇರಿದಂತೆ ಈ ಸೀಮೆಯನ್ನು ಆಕ್ರಮಿಸಿದನು. ಅದೇ ವರ್ಷದ ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಕಂಪನಿಯ ಸೇನೆಯು ಅವನನ್ನು ಸೋಲಿಸಿತು. ಮೇಲಿಂದ ಮೇಲೆ ನಡೆದ ಯುದ್ಧಗಳಿಂದ ನಾಡು ಬಸವಳಿದಿತ್ತು. ಹೊಸದಾಗಿ ಕೈಸೇರಿದ ಪ್ರದೇಶಗಳ ಬೇಸಾಯ, ಕೈಗಾರಿಕೆ, ವ್ಯಾಪಾರಗಳ ಸ್ಥಿತಿಯನ್ನು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಬುಕಾನನ್ನನನ್ನು ನೇಮಿಸಿದನು.

1800ರ ಏಪ್ರಿಲಿನಲ್ಲಿ ಅವನು ಮದರಾಸಿನಿಂದ ಹೊರಟನು. ಮೈಸೂರು, ಮಲಬಾರು, ಕನ್ನಡ ಸೀಮೆಗಳನ್ನು ಒಂದು ವರ್ಷಕ್ಕೂ ಮಿಕ್ಕ ಕಾಲ ಸುತ್ತಿದನು. 1801ರ ಮಾರ್ಚಿನಲ್ಲಿ ಘಟ್ಟವನ್ನೇರಿ ಶಿರಸಿ, ಬನವಾಸಿಗಳ ಮೂಲಕ ಇಂದಿನ ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಬಂದು, ಅಲ್ಲಿಂದ ಕೆಳದಿ, ಇಕ್ಕೇರಿಗಳತ್ತ ಸಾಗಿದನು. ಅವನಿಗೆ ಕನ್ನಡ ಬಾರದು, ದುಭಾಷಿಗಳನ್ನು ನೆಚ್ಚಿಕೊಳ್ಳಬೇಕಾಗಿತ್ತು. ಆದರೂ ಯಾವ ನೆಲಕ್ಕೆ ಯಾವ ಬೀಜ, ಯಾವ ತಿಂಗಳಲ್ಲಿ ಬಿತ್ತನೆ, ಎಷ್ಟು ಇಳುವರಿ, ಎಷ್ಟು ಕಂದಾಯ ಎಂಬುದನ್ನೆಲ್ಲ ಕೇಳಿ ದಿನಚರಿಯಲ್ಲಿ ದಾಖಲಿಸಿದನು.

ಅವರೆ, ತೊಗರಿ, ಹುರುಳಿ, ಉದ್ದು, ಹೆಸರು, ಕಡಲೆ, ಅಲಸಂದೆ ಈ ಎಲ್ಲ ಕಾಳುಗಳ ಕನ್ನಡ ಹೆಸರುಗಳು ಶಾಸ್ತ್ರೀಯ ನಾಮಗಳೊಡನೆ ಅವನ ಗ್ರಂಥದಲ್ಲಿವೆ. ರಾಗಿಯ ಹೊಲದಲ್ಲಿ ಅವರೆ, ತೊಗರಿಗಳ ಸಾಲು ಹಾಕುವ ಪದ್ಧತಿಯನ್ನೂ ಅವನು ಗಮನಿಸಿದನು. ದ್ವಿದಳ ಧಾನ್ಯದ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಬೇರುಗಂಟುಗಳ ಈ ಗುಟ್ಟನ್ನು ಜರ್ಮನಿಯ ಹೆಲ್‌ರೀಗೆಲ್ ಎಂಬ ವಿಜ್ಞಾನಿಯು 1886ರಲ್ಲಿ ಲೋಕಕ್ಕೆ ತಿಳಿಸಿದನು. ಕಾರಣವನ್ನು ಅರಿಯದಿದ್ದರೂ ನಮ್ಮ ರೈತರು ಅನುಭವದಿಂದ ಅದರ ಫಲವನ್ನು ಪಡೆಯುತ್ತಿದ್ದರು.

ಬುಕಾನನ್ನನ ಪ್ರವಾಸವು ಕಂಪನಿಯ ಲಾಭಕ್ಕಾಗಿ ನಡೆದುದೆಂಬುದನ್ನು ಮರೆಯುವಂತಿಲ್ಲ. ಅವನ ಅಭಿಪ್ರಾಯಗಳೆಲ್ಲವೂ ಆಳುವವರ ಗರ್ವದಿಂದ ಮುಕ್ತವಾಗಿರಲಿಲ್ಲ. ಆದರೂ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಗ್ರಂಥವು ಅಂದಿನ ಸಾಮಾನ್ಯ ರೈತನ ಬದುಕಿಗೆ ದೊರೆತ ಅಮೂಲ್ಯ ಸಾಕ್ಷ್ಯವಾಗಿ ಉಳಿದಿದೆ.

ಮುಂದೆ ಅವನು ಬಂಗಾಳದಲ್ಲಿ ಏಳು ವರ್ಷಗಳ ಕಾಲ ಸಮೀಕ್ಷೆ ನಡೆಸಿ, 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಮರುವರ್ಷ ಸ್ವದೇಶಕ್ಕೆ ಹೊರಟಾಗ, ತಾನು ಬರೆಯಿಸಿದ ಪ್ರಾಣಿ, ಸಸ್ಯಗಳ ಚಿತ್ರಗಳನ್ನು ಜೊತೆಯಲ್ಲಿ ಒಯ್ಯಬೇಕೆಂದಿದ್ದನು. ಸರ್ಕಾರವು ಅವನ್ನು ತನ್ನ ಸ್ವತ್ತೆಂದು ಉಳಿಸಿಕೊಂಡಿತು. ಹಳ್ಳಿಯ ರೈತನಿಂದ ಪಡೆದ ತಿಳಿವಳಿಕೆಯನ್ನು ಕಂಪನಿಗೆ ಒಪ್ಪಿಸಿದವನು, ಕೊನೆಗೆ ತನ್ನ ಶ್ರಮದ ಫಲವನ್ನೇ ಕಂಪನಿಗೆ ಬಿಟ್ಟು ಹೋಗಬೇಕಾಯಿತು. ಊರಿಗೆ ಮರಳಿದ ಮೇಲೆ ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ತಾಳಿದನು. 1829ರ ಜೂನ್ 15ರಂದು ನಿಧನ ಹೊಂದಿದನು.

ಅವನು ಅವರೆಗೂ ಹುರುಳಿಗೂ ಬರೆದ ಲ್ಯಾಟಿನ್ ಹೆಸರುಗಳು ಇಂದು ಬದಲಾಗಿವೆ. ರೈತರು ಹೇಳಿದ ಕನ್ನಡ ಹೆಸರುಗಳು ಮಾತ್ರ ಹಾಗೆಯೇ ನಿಂತಿವೆ. ಆ ಹೆಸರುಗಳನ್ನು ಉಳಿಸಿದುದು ಗ್ರಂಥವೊಂದೇ ಅಲ್ಲ. ವರ್ಷ ವರ್ಷವೂ ಬಲಿತ ಕಾಯಿಯನ್ನು ಆರಿಸಿ, ಒಣಗಿಸಿ, ಬೂದಿಯಲ್ಲಿ ಬೆರೆಸಿ ಬೀಜವನ್ನು ಕಾಪಾಡಿದ ಮನೆಯ ಹೆಣ್ಣುಮಕ್ಕಳು. ಬಿತ್ತದೆ ಬಿಟ್ಟ ಬೀಜವು ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದರೊಡನೆ ಹೆಸರೂ ಅಳಿಯುತ್ತದೆ. ಪರದೇಶದವನು ಕುತೂಹಲದಿಂದ ಕೇಳಿದ ಪ್ರಶ್ನೆಗಳನ್ನು ನಾವು ನಮ್ಮ ಅಜ್ಜಿಯರನ್ನು ಕೇಳಿ, ಹಿತ್ತಲಿನಲ್ಲಿ ಒಂದು ಬಳ್ಳಿಯನ್ನಾದರೂ ಹಬ್ಬಿಸಿದರೆ ಆ ಪರಂಪರೆ ಮುಂದುವರಿಯುತ್ತದೆ.