ಕಣ್ಣು ಮುಚ್ಚಿದಾಗ ಮೂಡುವ ಅಲೆ

ಕಳೆದ ವರ್ಷ ಅಕ್ಕನ ಮಗಳಿಗೆ ಇಇಜಿ ಮಾಡಿಸಲು ನಾನೂ ಜೊತೆಗೆ ಹೋಗಿದ್ದೆ. ತಲೆಗೆ ಶಾಂಪೂ ಹಾಕಿ ತೊಳೆದು ಬನ್ನಿ, ಎಣ್ಣೆ ಹಚ್ಚಬೇಡಿ ಎಂದು ಮೊದಲೇ ಹೇಳಿದ್ದರು. ಟೆಕ್ನಿಷಿಯನ್ ಕೂದಲು ಬಿಡಿಸಿ ಬಿಡಿಸಿ ತಲೆಯ ತುಂಬ ಪೇಸ್ಟ್ ಮೆತ್ತಿ, ಪುಟ್ಟ ಬಟ್ಟಲಿನಂಥ ಎಲೆಕ್ಟ್ರೋಡ್‌ಗಳನ್ನು ಅಂಟಿಸಿದರು. ಎಂ.ಟೆಕ್.ನಲ್ಲಿ ನನ್ನ ಪ್ರಾಜೆಕ್ಟ್ ಇದೇ ಸಿಗ್ನಲ್‌ಗಳ ಮೇಲಿತ್ತು. ಆಗ ನನಗೆ ಅವು ಬರೀ ಡೇಟಾ ಫೈಲ್‌ಗಳು. ಮನೆಗೆ ಬಂದು ಅವಳ ಕೂದಲಿನ ಪೇಸ್ಟ್ ತೊಳೆಯುತ್ತಿದ್ದಾಗ, ಇದನ್ನು ಕಂಡುಹಿಡಿದವರು ಯಾರು ಚಿಕ್ಕಮ್ಮ ಎಂದು ಕೇಳಿದಳು. ಹಾನ್ಸ್ ಬರ್ಗರ್ ಕಥೆ ಶುರು ಮಾಡಿದೆ.

ಬರ್ಗರ್ ಹುಟ್ಟಿದ್ದು 1873ರಲ್ಲಿ, ಜರ್ಮನಿಯ ಕೋಬುರ್ಗ್ ಊರಿನ ಹತ್ತಿರ. ತಂದೆ ವೈದ್ಯರು, ತಾಯಿಯ ತಂದೆ ಹೆಸರಾಂತ ಕವಿ ರ‍್ಯೂಕರ್ಟ್. ಹುಡುಗನಿಗೆ ಖಗೋಳ ವಿಜ್ಞಾನಿಯಾಗುವ ಆಸೆಯಿತ್ತು. ಓದನ್ನು ಅರ್ಧಕ್ಕೆ ಬಿಟ್ಟು ಒಂದು ವರ್ಷ ಸೈನ್ಯಕ್ಕೆ ಸೇರಿದ. ಅಲ್ಲಿ ತರಬೇತಿಯ ವೇಳೆ ಕುದುರೆ ಮುಂಗಾಲೆತ್ತಿ ನಿಂತು, ಈತ ಫಿರಂಗಿ ಗಾಡಿಯ ಎದುರಿಗೇ ಬಿದ್ದ. ಗಾಡಿ ಕೂದಲೆಳೆಯಲ್ಲಿ ನಿಂತಿತು. ಅಂದು ಸಂಜೆಯೇ ತಂದೆಯಿಂದ ತಂತಿ ಬಂತು. ದೂರದ ಊರಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಎಂದು ಅನಿಸಿ, ವಿಚಾರಿಸಲೇಬೇಕೆಂದು ಹಟ ಹಿಡಿದಿದ್ದಳಂತೆ. ನಾನಾದರೆ ಕಾಕತಾಳೀಯ ಎಂದುಬಿಡುತ್ತೇನೆ. ಬರ್ಗರ್ ಹಾಗೆ ಬಿಡಲಿಲ್ಲ. ತನ್ನ ಭಯ ಅಕ್ಕನನ್ನು ತಲುಪಿದ್ದು ಹೇಗೆ, ಮನಸ್ಸಿನ ಶಕ್ತಿಯನ್ನು ಅಳೆಯಬಹುದೇ ಎಂಬ ಪ್ರಶ್ನೆ ಹಿಡಿದು ವೈದ್ಯಕೀಯ ಓದಿ, ಯೇನಾ ನಗರದ ಮನೋರೋಗ ಚಿಕಿತ್ಸಾಲಯ ಸೇರಿದರು. 1919ರಲ್ಲಿ ಅದರ ನಿರ್ದೇಶಕರಾದರು.

ಮೆದುಳಿನ ರಕ್ತ ಸಂಚಾರ ಅಳೆದರು, ಉಷ್ಣತೆ ಅಳೆದರು. ಎರಡರಲ್ಲೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಪ್ರಾಣಿಗಳ ಮೆದುಳಿನಲ್ಲಿ ವಿದ್ಯುತ್ ಇದೆಯೆಂದು ಲಿವರ್‌ಪೂಲ್‌ನ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದರು. ಮನುಷ್ಯರಲ್ಲಿ ಯಾರೂ ದಾಖಲಿಸಿರಲಿಲ್ಲ. 1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಗೆ ಬಂದಿದ್ದ 17 ವರ್ಷದ ಹುಡುಗನ ತಲೆಯಿಂದ ಬರ್ಗರ್‌ಗೆ ಆ ಸಣ್ಣ ಕಂಪನ ಸಿಕ್ಕಿತು.

ಎಷ್ಟು ಸಣ್ಣದು? ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್‌ನ ವೋಲ್ಟೇಜನ್ನು 30,000 ಪಾಲು ಮಾಡಿದರೆ ಒಂದು ಪಾಲು ಸುಮಾರು ಅಷ್ಟಾಗುತ್ತದೆ. ಬರ್ಗರ್ ಮೊದಲು ಬಳಸಿದ್ದು ಹೃದಯದ ಇಸಿಜಿಗೆ ಬಳಸುತ್ತಿದ್ದ ಗ್ಯಾಲ್ವನೋಮೀಟರ್. ಅಯಸ್ಕಾಂತದ ನಡುವೆ ನೂಲಿಗಿಂತ ತೆಳುವಾದ ಎಳೆ ಅಲುಗುತ್ತದೆ, ಅದರ ನೆರಳು ಚಲಿಸುವ ಫೋಟೋ ಕಾಗದದ ಮೇಲೆ ಬೀಳುತ್ತದೆ. ಇದು ಮೆದುಳಿನದ್ದೋ, ಹೃದಯ ಬಡಿತದ್ದೋ, ಹುಬ್ಬು ಗಂಟಿಕ್ಕಿದ ಸ್ನಾಯುವಿನದ್ದೋ? ನಮ್ಮ ಲ್ಯಾಬಿನಲ್ಲೂ ಅರ್ಧ ಸಮಯ ಹೋಗುತ್ತಿದ್ದದ್ದು ಇದಕ್ಕೇ. ರೋಗಿ ಕಣ್ಣು ಮಿಟುಕಿಸಿದರೆ ಗೆರೆಯೆಲ್ಲ ಗುಡ್ಡ. ಬರ್ಗರ್ ಐದು ವರ್ಷ ಬಾಯಿಬಿಡದೆ ಪರೀಕ್ಷಿಸಿದರು. ಮಗ ಕ್ಲೌಸ್‌ನನ್ನು 70ಕ್ಕೂ ಹೆಚ್ಚು ಬಾರಿ ಕೂರಿಸಿದರು. ಮಗಳು ಇಲ್ಸೆಗೆ ಮನಸ್ಸಿನಲ್ಲೇ ಲೆಕ್ಕ ಮಾಡಲು ಹೇಳಿ ಅಲೆ ಹೇಗೆ ಬದಲಾಗುತ್ತದೆಂದು ನೋಡಿದರು.

1929ರಲ್ಲಿ ಮೊದಲ ಲೇಖನ ಪ್ರಕಟಿಸಿದರು. ಕಣ್ಣು ಮುಚ್ಚಿ ಆರಾಮಾಗಿ ಕೂತಾಗ ಸೆಕೆಂಡಿಗೆ ಸುಮಾರು 10 ಬಾರಿ ಏಳುವ ಅಲೆ ಆಲ್ಫಾ. ಅದಕ್ಕಿಂತ ವೇಗದ, ಚಿಕ್ಕ ಅಲೆ ಬೀಟಾ. ಕಣ್ಣು ತೆರೆದರೆ ಆಲ್ಫಾ ಅಡಗುತ್ತದೆ. ಈಗಲೂ ಟೆಕ್ನಿಷಿಯನ್ ಕಣ್ಣು ತೆಗಿ, ಮುಚ್ಚು ಎನ್ನುವುದು ಇದನ್ನು ನೋಡಲಿಕ್ಕೇ. 1932ರಲ್ಲಿ ಡೀಟ್ಷ್ ಎಂಬುವರು ಬರ್ಗರ್‌ರ ಗೆರೆಗಳಿಗೆ ಫೂರಿಯೇ ಗಣಿತ ಹಚ್ಚಿದರು. ಸಾಂಬಾರ್ ರುಚಿ ನೋಡಿ ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಎಂದು ಹೇಳುವ ಕೆಲಸ ಅದು. ನನ್ನ ಲ್ಯಾಪ್‌ಟಾಪ್ ಕ್ಷಣದಲ್ಲಿ ಮಾಡುವುದನ್ನು ಅವರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದ್ದರು.

ಆದರೂ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಪ್ರಯೋಗ ಮಾಡಿ ತೋರಿಸಿದ ಮೇಲೆ ಲೋಕ ತಿರುಗಿ ನೋಡಿತು. ಮರುವರ್ಷ ಅಮೆರಿಕದ ಬಾಸ್ಟನ್‌ನಲ್ಲಿ ಎರ್ನಾ ಮತ್ತು ಫ್ರೆಡರಿಕ್ ಗಿಬ್ಸ್ ದಂಪತಿ ಇದ್ದ ತಂಡ, ಮಕ್ಕಳು ಕ್ಷಣಕಾಲ ಮಂಕಾಗಿಬಿಡುವ ಬಗೆಯ ಮೂರ್ಛೆರೋಗಕ್ಕೆ ಸೆಕೆಂಡಿಗೆ ಮೂರು ಬಾರಿ ಬರುವ ಚೂಪು ಅಲೆಯ ಗುರುತಿದೆ ಎಂದು ಕಂಡಿತು. ದೆವ್ವ, ದೃಷ್ಟಿ, ಶಾಪ ಎಂದೆಲ್ಲ ಅನಿಸಿಕೊಂಡಿದ್ದ ಕಾಯಿಲೆ ಕಾಗದದ ಮೇಲೆ ಗೆರೆಯಾಗಿ ಕಂಡಿತು. ನಮ್ಮ ಮನೆಯಲ್ಲೇ ಇಂದಿಗೂ ಫಿಟ್ಸ್ ಎಂಬ ಮಾತು ಬಂದರೆ ಬಾಗಿಲು ಹಾಕಿ ಮಾತಾಡುತ್ತಾರೆ. ಹೆಣ್ಣು ಮಗು, ನಾಳೆ ಮದುವೆ ಹೇಗೆ ಎಂದು.

ಇಷ್ಟು ಹೇಳುವಷ್ಟರಲ್ಲಿ ಕೂದಲು ತೊಳೆದು ಮುಗಿದಿತ್ತು.

ಮುಂದಿನದು ನನಗೆ ಗೊತ್ತಾಗಿದ್ದು ಈ ಲೇಖನಕ್ಕೆಂದು ಓದಲು ಕೂತಾಗ. 1934ರಿಂದ ಜಾರಿಗೆ ಬಂದ ನಾಜಿ ಕಾನೂನಿನಡಿ, ವಂಶಪಾರಂಪರ್ಯ ಎಂದು ಸರ್ಕಾರ ಪಟ್ಟಿ ಮಾಡಿದ ಕಾಯಿಲೆಯವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಸುಮಾರು 4 ಲಕ್ಷ ಜನರಿಗೆ ಮಾಡಿದರು. ಆ ಪಟ್ಟಿಯಲ್ಲಿ ಮೂರ್ಛೆರೋಗವೂ ಇತ್ತು. ತಮಗೆ ಬೇಡವೆಂದು ಜನ ಮೇಲ್ಮನವಿ ಹಾಕಿದರೆ ಅದನ್ನು ತೀರ್ಮಾನಿಸುವ ಯೇನಾದ ನ್ಯಾಯಮಂಡಳಿಯಲ್ಲಿ ಬರ್ಗರ್ ಕೂತಿದ್ದರು. ಎಸ್‌ಎಸ್ ಸಂಘಟನೆಯ ಬೆಂಬಲಿಗ ಸದಸ್ಯರೂ ಆಗಿದ್ದರು. ನಾಜಿಗಳೇ ಅವರನ್ನು ಹಿಂಸಿಸಿ ಹುದ್ದೆಯಿಂದ ಇಳಿಸಿದರು ಎಂಬ ಕಥೆಯನ್ನು ಬಹುಕಾಲ ಬರೆಯುತ್ತ ಬಂದಿದ್ದರು, ನಾನೂ ಅದನ್ನೇ ನಂಬಿದ್ದೆ. ದಾಖಲೆಗಳು ಬೇರೆ ಹೇಳುತ್ತವೆ. 1938ರಲ್ಲಿ ಅವರು ನಿವೃತ್ತರಾದಾಗ ವಯಸ್ಸು 65. ಆಮೇಲೆ ಖಿನ್ನತೆಗೆ ಸಿಕ್ಕಿ, 1941ರ ಜೂನ್ 1ರಂದು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು.

ಇಷ್ಟಾದ ಮೇಲೂ ಅವರನ್ನು ಬಹುವಚನದಲ್ಲಿ ಬರೆಯಬೇಕೇ ಎಂದು ಎರಡು ದಿನ ಯೋಚಿಸಿದೆ. ಅಭ್ಯಾಸಬಲ, ಹಾಗೇ ಉಳಿಸಿದ್ದೇನೆ. ಅಕ್ಕನ ಮಗಳು ಈಗ ಮಾತ್ರೆ ತೆಗೆದುಕೊಂಡು ಎಂದಿನಂತೆ ಶಾಲೆಗೆ ಹೋಗುತ್ತಿದ್ದಾಳೆ. ಫಿರಂಗಿ ಕಥೆಯನ್ನು ಗೆಳತಿಯರಿಗೂ ಹೇಳಿದ್ದಾಳಂತೆ. ಉಳಿದರ್ಧ ಅವಳಿಗಿನ್ನೂ ಹೇಳಿಲ್ಲ. ಮುಂದಿನ ತಿಂಗಳು ಮತ್ತೆ ಇಇಜಿ ಇದೆ.