ಬಳಸುವವರ ಮನಸ್ಸು ಅರಿತ ಮೇಷ್ಟ್ರು

ಆಕಾಶವಾಣಿ ಎಂಬ ಹೆಸರು ಕೇಳದವರಿಲ್ಲ. ಆದರೆ ಮೈಸೂರಿನಲ್ಲಿ ಆ ಹೆಸರಿನ ಬಾನುಲಿ ಕೇಂದ್ರ ಕಟ್ಟಿದವರು ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರೇ ಡಾ. ಎಂ.ವಿ. ಗೋಪಾಲಸ್ವಾಮಿ. ವೆಬ್‌ಸೈಟ್, ಆ್ಯಪ್‌ಗಳ ವಿನ್ಯಾಸ ಕಲಿಯುವ ಇಂದಿನ ಯುವಕರಿಗೆ ಅವರ ಬದುಕಿನಲ್ಲಿ ಪಾಠವಿದೆ.

ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಗೋಪಾಲಸ್ವಾಮಿ, 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದಾಗ ಅದರ ಹೊಣೆ ಹೊತ್ತರು. ಮನುಷ್ಯನ ಕೈ ಹೊಸ ಕೆಲಸವನ್ನು ಹೇಗೆ ಕಲಿಯುತ್ತದೆ ಎಂಬುದು ಅವರ ಸಂಶೋಧನೆಯ ವಿಷಯಗಳಲ್ಲೊಂದು. ಈ ಕ್ಷೇತ್ರದಲ್ಲಿ ಹಳೆಯ ಪ್ರಯೋಗವೊಂದಿದೆ. ಕಾಗದವನ್ನು ಮರೆಮಾಡಿ, ಕನ್ನಡಿಯಲ್ಲಿ ಕಾಣುವ ಬಿಂಬ ನೋಡುತ್ತಾ ನಕ್ಷತ್ರದ ಗೆರೆ ತಿದ್ದಬೇಕು. ಎಂಥ ಜಾಣರ ಕೈಯೂ ಮೊದಲು ತಡವರಿಸುತ್ತದೆ. ದೋಷ ಕೈಯದಲ್ಲ, ತಿರುವುಮುರುವಾಗಿ ಕಾಣುವ ನೋಟದ್ದು. ‘ಮುಂದೆ’ ಎಂಬ ಬಟನ್ ಇರಬೇಕಾದ ಜಾಗದಲ್ಲಿ ‘ರದ್ದು’ ಇಟ್ಟರೆ ಆಗುವುದೂ ಇದೇ.

ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಬುದ್ಧಿ ಪರೀಕ್ಷೆಯನ್ನು ಇಲ್ಲಿನವರಿಗೆ ಹೊಂದಿಸುವ ಕೆಲಸಕ್ಕೂ ಅವರು ಕೈಹಾಕಿದರು. ಮಗುವಿಗೆ ಗೊತ್ತಿಲ್ಲದ ಮಾತಿನಲ್ಲಿ ಪ್ರಶ್ನೆ ಕೇಳಿದರೆ ಅಳೆಯುವುದು ಬುದ್ಧಿಯನ್ನಲ್ಲ, ಅಪರಿಚಿತತೆಯನ್ನು.

1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು, ಸ್ವಂತ ಹಣ ಹಾಕಿ ಪ್ರಸಾರ ಆರಂಭಿಸಿದರು. ಓದು ಬಾರದವರಿಗೂ ಕಿವಿಯಿತ್ತಲ್ಲ! ಜ್ಞಾನ, ಸಂಗೀತ ಕೇಳುಗರಿದ್ದಲ್ಲಿಗೇ ಹೋಯಿತು. ಮುಂದೆ ಕೇಂದ್ರ ಮೈಸೂರು ಸಂಸ್ಥಾನದ ಕೈಸೇರಿತು. ಹೆಸರು ಇಡೀ ದೇಶದ ಬಾನುಲಿಯದ್ದಾಯಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೈಬರ್ ಸೆಂಟರ್‌ಗಳಲ್ಲಿ ಕೆಲಸದ ಅರ್ಜಿ ತುಂಬುವವರನ್ನು ಗಮನಿಸಿ. ಫೋಟೊ ಅಪ್‌ಲೋಡ್ ಆಗುವುದಿಲ್ಲ, ಏಕೆಂದು ತಿಳಿಯುವುದಿಲ್ಲ. ಒಟಿಪಿ ಬರುವಷ್ಟರಲ್ಲಿ ಪುಟವೇ ಮುಚ್ಚಿಹೋಗುತ್ತದೆ. ತುಂಬಿದ್ದೆಲ್ಲ ಅಳಿದು ಮೊದಲಿನಿಂದ ಶುರು. ಕೊನೆಯ ದಿನವಾದರೆ ಒಂದು ವರ್ಷದ ಓದೇ ನೀರುಪಾಲು. ಆದರೂ ‘ನನಗೇ ಕಂಪ್ಯೂಟರ್ ಬರಲ್ಲ’ ಎಂದು ಹುಡುಗರು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಇದನ್ನು ತಪ್ಪಿಸುವ ವಿದ್ಯೆಗೆ ಯೂಸರ್ ಎಕ್ಸ್‌ಪೀರಿಯನ್ಸ್, ಅಂದರೆ ಯುಎಕ್ಸ್ ಎನ್ನುತ್ತಾರೆ. ಅದರ ಬೇರು ಮನಶ್ಶಾಸ್ತ್ರದಲ್ಲಿದೆ. ಮನಸ್ಸು ಒಮ್ಮೆಗೆ ಸ್ವಲ್ಪವನ್ನೇ ಹಿಡಿದಿಟ್ಟುಕೊಳ್ಳಬಲ್ಲದು, ಆದ್ದರಿಂದ ಉದ್ದದ ಅರ್ಜಿಯನ್ನು ಹಂತಗಳಾಗಿ ಒಡೆಯಬೇಕು. ಇನ್ನೆಷ್ಟು ಬಾಕಿ ಎಂದು ತೋರಿಸಿದರೆ ಧೈರ್ಯ ಬರುತ್ತದೆ. ಬಟನ್ ದೊಡ್ಡದಾಗಿ, ಕೈಗೆಟುಕುವಂತಿದ್ದರೆ ಬೆರಳು ಬೇಗ ತಲುಪುತ್ತದೆ. ತಪ್ಪಾದಾಗ ಏನು ತಪ್ಪು, ಸರಿಪಡಿಸುವುದು ಹೇಗೆ ಎಂದು ತಿಳಿಗನ್ನಡದಲ್ಲಿ ಹೇಳಬೇಕು.

ಗೆಳೆಯರೇ, ಕೋಡಿಂಗ್ ಬಂದವರಿಗೆ ಮಾತ್ರ ಈ ಕ್ಷೇತ್ರ ಎಂದುಕೊಳ್ಳಬೇಡಿ. ಮನಶ್ಶಾಸ್ತ್ರ, ಕನ್ನಡ, ಪತ್ರಿಕೋದ್ಯಮ ಓದುವವರಿಗೂ ಇಲ್ಲಿ ಕೆಲಸವಿದೆ. ನಿಮ್ಮೂರಿನ ನಾಲ್ಕು ಜನ ಒಂದು ಆನ್‌ಲೈನ್ ಅರ್ಜಿ ತುಂಬುವಾಗ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಎಲ್ಲಿ ತಡವರಿಸಿದರು ಎಂದು ಬರೆದಿಡಿ. ಆ ಪಟ್ಟಿಯೇ ನಿಮ್ಮ ಮೊದಲ ಪ್ರಾಜೆಕ್ಟ್ ಆಗಬಹುದು.